ಓತಿಕ್ಯಾತಕ್ಕೆ ಬೇಲಿ ಬೇಕು

(ಮಹಿಳಾ ವೇದಿಕೆಯ ಬೇಸಿಗೆ ಸಭೆಯಲ್ಲಿ ಮಾಡಿದ ಮಾತು)



ಈ ಮೇ ತಿಂಗಳ ಬಿಸಿಲಲ್ಲಿ ಅಬಿಡ್ಸ್‌ವರೆಗೆ ಬಂದಿದ್ದೀರಿ. ಬರುವಾಗ ನೀವೆಲ್ಲ ಅಂಗಡಿಗಳ ನೆರಳು ಹುಡುಕುತ್ತಾ ರಸ್ತೆಯ ಒಂದೇ ಬದಿಯಲ್ಲಿ ನಡೆದಿರಬೇಕು. ನಾನೂ ಹಾಗೇ ಬಂದೆ. ಈ ವಿದ್ಯೆಯನ್ನು ನಮಗಿಂತ ಚೆನ್ನಾಗಿ ಬಲ್ಲ ಒಂದು ಪ್ರಾಣಿಯಿದೆ. ಅದೇ ಓತಿಕ್ಯಾತ. ದಯವಿಟ್ಟು ಮುಖ ಕಿವುಚಬೇಡಿ!

ನಮ್ಮ ಮೈಯೊಳಗೆ ಒಂದು ಒಲೆ ಸದಾ ಉರಿಯುತ್ತಿರುತ್ತದೆ. ಅನ್ನವೇ ಅದರ ಸೌದೆ. ಹೊರಗೆ ಚಳಿಯಿರಲಿ, ಸೆಕೆಯಿರಲಿ, ಮೈ ಸುಮಾರು 37 ಡಿಗ್ರಿಯಲ್ಲೇ ಇರುತ್ತದೆ. ಬಿಸಿ ಹೆಚ್ಚಾದರೆ ಬೆವರುತ್ತೇವೆ. ಓತಿಗೆ ಅಂಥ ಒಲೆಯೂ ಇಲ್ಲ, ಬೆವರೂ ಇಲ್ಲ. ಅದಕ್ಕೇ ಅದನ್ನು ತಣ್ಣನೆ ರಕ್ತದ ಪ್ರಾಣಿ ಎನ್ನುತ್ತಾರೆ. ಆದರೆ ಬಿಸಿಲೇರಿದ ಮೇಲೆ ಎಷ್ಟೋ ಓತಿಗಳ ರಕ್ತ ನಮ್ಮದರಷ್ಟೇ ಬೆಚ್ಚಗಿರುತ್ತದೆ. ಆ ಬಿಸಿಯನ್ನು ಅವು ಹೊರಗಿನಿಂದ ಅಳೆದು ತೆಗೆದುಕೊಳ್ಳುತ್ತವೆ, ಅಷ್ಟೇ.

ನಮ್ಮ ಹೈದರಾಬಾದಿನ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಇಂಥ ಬಂಡೆಗಳ ಮೇಲೆ, ಅತ್ತ ನಮ್ಮ ರಾಮನಗರದ ಬೆಟ್ಟಗಳಲ್ಲೂ, ಬಂಡೆ ಓತಿಗಳಿವೆ. ಬೆಳಿಗ್ಗೆ ಅವು ಮೈ ಚಪ್ಪಟೆ ಮಾಡಿ, ಬಿಸಿಲಿಗೆ ಪಕ್ಕೆಯೊಡ್ಡಿ ಮಲಗುತ್ತವೆ. ಮೈ ಕಾದ ಮೇಲೆ ಹುಳ ಹಿಡಿಯಲು ಹೊರಡುತ್ತವೆ. ಬಂಡೆ ಸುಡತೊಡಗಿದರೆ ಕಾಲುಗಳ ಮೇಲೆ ಎದ್ದು ಹೊಟ್ಟೆಯನ್ನು ಮೇಲಕ್ಕೆತ್ತುತ್ತವೆ. ಅದೂ ಸಾಲದಾದಾಗ ಬಿರುಕಿಗೆ ನುಗ್ಗುತ್ತವೆ.

ಬಂಡೆಯ ಬಿರುಕೂ ಇಲ್ಲದ ಕಡೆ? ಆಫ್ರಿಕದ ನಮೀಬ್ ಕಡಲತೀರದ ಮರಳು ದಿಬ್ಬಗಳಲ್ಲಿ ಒಂದು ಪುಟ್ಟ ಹಲ್ಲಿಯಿದೆ. ಬೆಳಿಗ್ಗೆ ಹೊಟ್ಟೆಯನ್ನು ಮರಳಿಗೊತ್ತಿ ಕಾಯಿಸಿಕೊಳ್ಳುತ್ತದೆ. ಮರಳು ಸುಡುವಾಗ ಒಂದು ಮುಂಗಾಲು, ಅದರ ಎದುರು ಬದಿಯ ಹಿಂಗಾಲು ಎತ್ತುತ್ತದೆ. ಆಮೇಲೆ ಉಳಿದೆರಡು. ನೋಡಿದವರಿಗೆ ಕುಣಿತದಂತೆ ಕಾಣುತ್ತದೆ. ತಾಳಲಾಗದಾಗ ಮರಳೊಳಗೆ ಮುಳುಗಿಬಿಡುತ್ತದೆ. ಕೆಲವೇ ಅಂಗುಲ ಕೆಳಗೆ ಮರಳು ತಂಪಾಗಿರುತ್ತದೆ.

ಹಾಗಾದರೆ ಬೇಸಿಗೆ ಎಷ್ಟೇ ಬಿಸಿಯಾದರೂ ಇವುಗಳಿಗೆ ಚಿಂತೆಯಿಲ್ಲವೇ? ಇದೆ. ಬ್ಯಾರಿ ಸಿನರ್ವೊ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಮೆಕ್ಸಿಕೋದಲ್ಲಿ ಹಿಂದೆ ಓತಿಗಳಿದ್ದ 200 ನೆಲೆಗಳನ್ನು ಮತ್ತೆ ನೋಡಿದರು. 1975ರಿಂದೀಚೆಗೆ ನೂರಕ್ಕೆ 12ರಷ್ಟು ನೆಲೆಗಳಲ್ಲಿ ಅವು ಇಲ್ಲವಾಗಿದ್ದವು. 2010ರಲ್ಲಿ ಇದು ಪ್ರಕಟವಾಯಿತು. ಅವರು ಕೊಟ್ಟ ಕಾರಣ ಕೇಳಿ. ಓತಿಗಳು ಬಿಸಿಲಲ್ಲಿ ಬೆಂದು ಸತ್ತದ್ದಲ್ಲ. ಮರಿ ಮಾಡುವ ಕಾಲದಲ್ಲಿ ಸೆಕೆ ಹೆಚ್ಚಿ, ನೆರಳಲ್ಲಿ ಅಡಗಿ ಕೂರುವ ಗಂಟೆಗಳು ಹೆಚ್ಚಿದವು. ಅಡಗಿ ಕೂತಷ್ಟು ಹೊತ್ತು ಊಟವಿಲ್ಲ. ಬಸುರಿಗೆ ಸಾಕಷ್ಟು ತಿನ್ನಲು ಸಮಯ ಸಿಗಲಿಲ್ಲ. ಮರಿಗಳು ಕಡಿಮೆಯಾದವು. ಇದನ್ನು ಓದಿದಾಗ ನನಗೆ ಹೊಟ್ಟೆ ಚುರ್ ಎಂದಿತು. ಬಸುರಿಯ ಹಸಿವು ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನೆರಳು ಹತ್ತಿರದಲ್ಲೇ ಇದ್ದರೆ ಆ ತಾಯಿ ನಾಲ್ಕು ಹೆಜ್ಜೆ ಹೋಗಿ ಹುಳ ಹಿಡಿದು ಮರಳಬಹುದು. ದೂರವಿದ್ದರೆ ಆಗದು. ಬಿಸಿಲು ನಮ್ಮ ಕೈಯಲ್ಲಿಲ್ಲ, ನೆರಳು ನಮ್ಮ ಕೈಯಲ್ಲಿದೆ. ಬಂಡೆ ಸಿಡಿಸಿದರೆ, ಪೊದೆ ಸವರಿದರೆ, ಅಂಗಳಕ್ಕೆ ಸಿಮೆಂಟು ಬಳಿದರೆ ಅದು ಹೋಗುತ್ತದೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆರು ವರ್ಷದ ಹಿಂದೆ ನಮ್ಮ ಹಿತ್ತಲಿಗೆ ಪೂರ್ತಿ ಟೈಲ್ಸ್ ಹಾಕಿಸಿದೆ, ಗುಡಿಸಲು ಸುಲಭವೆಂದು. ಕರಿಬೇವಿನ ಬುಡದಲ್ಲಿ ದಿನಾ ತಲೆಯಾಡಿಸುತ್ತಿದ್ದ ಓತಿಕ್ಯಾತ ಆಮೇಲೆ ಕಾಣಲಿಲ್ಲ. ಆಗ ಅದು ನನಗೆ ಗೊತ್ತೂ ಆಗಲಿಲ್ಲ.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ ಎಂದು ನಾವು ಗಾದೆ ಹೇಳಿ ನಗುತ್ತೇವೆ. ಈಗ ಬೇಲಿ ಹೋಗಿ ಕಾಂಪೌಂಡು ಬಂದಿದೆ. ಸಾಕ್ಷಿ ಹೇಳಲು ಇಬ್ಬರೂ ಇಲ್ಲ.

ಕಳೆದ ವರ್ಷ ಎಂಟು ಟೈಲ್ಸ್ ಕೀಳಿಸಿ, ಎರಡು ದಾಸವಾಳ ನೆಟ್ಟು, ಪಕ್ಕದಲ್ಲಿ ಕಲ್ಲುಗಳ ಸಣ್ಣ ಗುಡ್ಡೆ ಹಾಕಿದ್ದೇನೆ. ಓತಿಕ್ಯಾತ ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಮೂಲೆ ಹಾಗೇ ಬಿಡಿ ಎಂದು ಕೇಳಿಕೊಳ್ಳುತ್ತಾ ಮಾತು ಮುಗಿಸುತ್ತೇನೆ.