ಗ್ರಾಮೀಣ ಗರ್ಭಿಣಿಯರ ಆರೈಕೆಯಲ್ಲಿ ಸಮಾಜಸೇವಕರ ಪಾತ್ರ

(ಶತಮಾನೋತ್ಸವದ ಮಹಿಳಾ ಸಮಾವೇಶದಲ್ಲಿ ಮಾಡಿದ ಭಾಷಣ)



ಮಾತೆ ಮರಿಯಮ್ಮನವರು ಬೆಟ್ಟಸೀಮೆಯ ಊರಿಗೆ ತೆರಳಿ ಎಲಿಜಬೇತಮ್ಮನವರನ್ನು ಸಂಧಿಸಿದುದನ್ನು ನಾವು ಜಪಸರದಲ್ಲಿ ಧ್ಯಾನಿಸುತ್ತೇವೆ. ಆಗ ಎಲಿಜಬೇತಮ್ಮನವರಿಗೆ ಆರು ತಿಂಗಳು. ಮರಿಯಮ್ಮನವರು ಕ್ಷೇಮ ವಿಚಾರಿಸಿ ಅಂದೇ ಮರಳಲಿಲ್ಲ. ಸುಮಾರು ಮೂರು ತಿಂಗಳು ಆ ಮನೆಯಲ್ಲಿ ತಂಗಿದ್ದರೆಂದು ಸಂತ ಲೂಕರು ಬರೆದಿದ್ದಾರೆ. ಸಮಾಜಸೇವಕರ ಕಾರ್ಯವೂ ಹೀಗೆ ಮನೆಗೆ ಹೋಗುವ, ಹೋಗಿ ನಿಲ್ಲುವ ಕಾರ್ಯ.

ಸೌಲಭ್ಯಗಳಿಗೆ ಈಗ ಹಿಂದಿನಷ್ಟು ಕೊರತೆಯಿಲ್ಲ. 1975ರಲ್ಲಿ ನಮ್ಮ ರಾಜ್ಯದ ತಿ. ನರಸೀಪುರದಲ್ಲಿ ಮೊದಲ್ಗೊಂಡ ಅಂಗನವಾಡಿ ಇಂದು ಊರೂರಿನಲ್ಲಿದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ತರುವಾಯ ಆಶಾ ಕಾರ್ಯಕರ್ತೆಯರೂ ಬಂದರು. ಕಬ್ಬಿಣಾಂಶದ ಮಾತ್ರೆ ಉಚಿತ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಸೇವಿಸಬೇಕು. ಆದರೂ ಎಷ್ಟೋ ಮನೆಗಳಲ್ಲಿ ಅವು ಗೋಡೆಯ ಗೂಡಿನಲ್ಲಿಯೇ ಉಳಿಯುತ್ತವೆ. ಏಕೆ? ಮಾತ್ರೆ ನುಂಗಿದರೆ ಕೂಸು ಕಪ್ಪಾಗುವುದೆಂಬ ಭಯ. ಹೊಟ್ಟೆ ತುಂಬ ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುವುದೆಂಬ ನಂಬಿಕೆ. ಅತ್ತೆಯೇ ಮಾತ್ರೆ ನಿಲ್ಲಿಸಿರುತ್ತಾಳೆ. ಅವಳನ್ನು ಹಳಿದು ಫಲವಿಲ್ಲ; ಸೊಸೆಯ ಮೇಲಣ ಅಕ್ಕರೆಯಿಂದಲೇ ಹಾಗೆ ಮಾಡಿದವಳು ಅವಳು. ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಕುಳಿತು, ಕಪ್ಪಾಗುವುದು ಮಲವೇ ಹೊರತು ಕೂಸಲ್ಲವೆಂದೂ, ಮಾತ್ರೆಯೊಡನೆ ಚಹಾ ಕುಡಿದರೆ ಅದು ಮೈಗೆ ಹತ್ತದೆಂದೂ, ನಿಂಬೆಯ ಪಾನಕ ಒಳ್ಳೆಯದೆಂದೂ ತಿಳಿಸಬೇಕು. ರಕ್ತಹೀನಳಾದ ತಾಯಿಗೆ ಹೆರಿಗೆಯ ರಕ್ತಸ್ರಾವವನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ. ಒಮ್ಮೆ ಹೇಳಿದರೆ ಸಾಲದು, ಮುಂದಿನ ವಾರವೂ ಹೋಗಬೇಕು.

ಇನ್ನೊಂದು ಸಂಗತಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮಲ್ಲಿ ರೂಢಿ. ಒಳ್ಳೆಯ ರೂಢಿಯೇ. ಆದರೆ ಗಂಡನ ಊರಿನಲ್ಲಿ ಅವಳ ಹೆಸರು ಬರೆದುಕೊಂಡ ಕಾರ್ಯಕರ್ತೆಗೆ ಅವಳು ಕಣ್ಮರೆ. ತವರೂರಿನ ಕಾರ್ಯಕರ್ತೆಗೆ ಅವಳು ಬಂದ ಸುದ್ದಿಯೇ ಇಲ್ಲ. ತಪಾಸಣೆ ಅತ್ಯಗತ್ಯವಾದ ಕೊನೆಯ ತಿಂಗಳುಗಳಲ್ಲಿಯೇ ಅದು ತಪ್ಪಿಹೋಗುತ್ತದೆ. ಬಟ್ಟೆಬರೆಯೊಡನೆ ತಾಯಿ ಕಾರ್ಡೂ ಬಂದಿದೆಯೇ ಎಂದು ಕೇಳುವವರು ಬೇಕು. ಅದಕ್ಕೆ ಪದವಿ ಬೇಡ. ಭಾನುವಾರದ ಬಲಿಪೂಜೆಯ ನಂತರ ಈ ಅಂಗಳದಲ್ಲಿಯೇ ಕೇಳಬಹುದು. ಕನ್ಯಾಸ್ತ್ರೀಯರಂತೂ ಎಲ್ಲ ಮತದವರ ಮನೆಗಳಿಗೂ ಹೋಗಿಬರುವವರು. ಹೊಸದಾಗಿ ತವರಿಗೆ ಬಂದವಳ ಸುದ್ದಿಯನ್ನು ಆಶಾ ಕಾರ್ಯಕರ್ತೆಗೆ ಮುಟ್ಟಿಸಬಲ್ಲರು.

ಮುಖ, ಕೈ ಊದಿಕೊಂಡರೆ, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕುಗ್ಗಿದರೆ ಯಜಮಾನರು ಬರಲೆಂದು ಕಾಯಬಾರದು. ಕೂಡಲೇ 108ಕ್ಕೆ ಕರೆಮಾಡಬೇಕು. ಹಿಂದಿನ ಸಾಲುಗಳಲ್ಲಿ ಕುಳಿತಿರುವ ಯಜಮಾನರೂ ಇದನ್ನು ಕೇಳಿಸಿಕೊಂಡಿರೆಂದು ಭಾವಿಸುತ್ತೇನೆ.