ಮ್ಯಾಪ್‌ನಲ್ಲಿ ಬಣ್ಣ ಇಲ್ದಿದ್ರೆ ಸೇಫಾ?

ಕ್ಯಾಲ್ಗರಿಗೆ ಬಂದು ಸ್ಕೀಯಿಂಗ್ ಕಲಿತ ಹೊಸದು. ರೆಸಾರ್ಟ್ ಬಿಟ್ಟು ಬೆಟ್ಟದ ಕಡೆ ಹೋಗೋ ಹುಚ್ಚು ಹತ್ತಿತ್ತು. ಹಿಮಕುಸಿತ ಹೆಚ್ಚಾಗಿ ಶುರುವಾಗೋದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನನ್ನ ಫೋನ್ ಮ್ಯಾಪ್ ಅಂಥ ಕಡೆ ಬಣ್ಣ ತೋರಿಸುತ್ತೆ. ಬಣ್ಣ ಇಲ್ಲದ ಕಡೆ ಹೋದ್ರಾಯ್ತು ಅಂದ್ಕೊಂಡಿದ್ದೆ.

ರೋಜರ್ಸ್ ಪಾಸ್‌ಗೆ ಹೊರಟ ದಿನ, ಜೊತೆಗಿದ್ದ ಹಿರಿಯರೊಬ್ಬರು ಮ್ಯಾಪ್ ನೋಡಿ ಕೇಳಿದ್ರು: "ಕಾಲ ಕೆಳಗಿನದು ನೋಡಿದೆ, ಸರಿ. ತಲೆ ಮೇಲೆ ಏನಿದೆ ನೋಡಿದ್ಯಾ?"

ನಾನು ಆರಿಸಿದ್ದು ಕನಾಟ್ ಕ್ರೀಕ್ ಕಣಿವೆ. 2003ರ ಫೆಬ್ರವರಿ 1ರಂದು ಶಾಲಾ ಮಕ್ಕಳ ಗುಂಪೊಂದು ಆ ಕಣಿವೆಯಲ್ಲಿ ಸ್ಕೀ ಮಾಡ್ತಾ ಹೋಗ್ತಿತ್ತು. ಮೇಲಿನ ಬೆಟ್ಟದಿಂದ ಹಿಮ ಕುಸಿದು ಬಂತು. 7 ವಿದ್ಯಾರ್ಥಿಗಳು ಹೋಗಿಬಿಟ್ರು.

ಅದಾದ ಮೇಲೆ, 2004ರಲ್ಲಿ ಪಾರ್ಕ್ಸ್ ಕೆನಡಾ ಜಾಗಗಳಿಗೇ ದರ್ಜೆ ಕೊಡೋಕೆ ಶುರುಮಾಡ್ತು: ಸರಳ, ಸವಾಲಿನದು, ಸಂಕೀರ್ಣ. ಇಳಿಜಾರು ಒಂದೇ ಅಲ್ಲ. ಮೇಲಿಂದ ಹಿಮ ಎಷ್ಟು ದಾರಿಯಲ್ಲಿ ಬರಬಹುದು, ಎಲ್ಲಿವರೆಗೆ ನುಗ್ಗುತ್ತೆ, ಮರ ಎಷ್ಟು ದಟ್ಟವಾಗಿವೆ, ಸಿಕ್ಕಿಬಿದ್ರೆ ಕೊರಕಲಲ್ಲಿ ಹೂತುಹೋಗ್ತೀವಾ, ಎಲ್ಲ ಲೆಕ್ಕಕ್ಕೆ ಬರುತ್ತೆ. ಹಿಮದ ಮುನ್ಸೂಚನೆ ದಿನಾ ಬದಲಾಗುತ್ತೆ, ಈ ದರ್ಜೆ ಹಾಗಲ್ಲ. ಬೆಟ್ಟ ಎಲ್ಲಿಗೂ ಹೋಗಲ್ವಲ್ಲ! ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು. ಮುನ್ಸೂಚನೆ ಕೆಟ್ಟಿದ್ರೆ ಸರಳ ಜಾಗಕ್ಕೆ ಹೋಗ್ಬೇಕು.

ಅವತ್ತು ಮುನ್ಸೂಚನೆ ಕೆಟ್ಟಿತ್ತು. ಕಣಿವೆ ಬಿಟ್ವಿ. ದಟ್ಟ ಮರಗಳ ಮಧ್ಯೆ ಒಂದು ಸಣ್ಣ ಗುಡ್ಡದಲ್ಲಿ ಎರಡು ರೌಂಡ್ ಹೊಡೆದು ವಾಪಸ್ ಬಂದ್ವಿ. ದಾರಿಯುದ್ದಕ್ಕೂ ನಾನು ಮುಖ ಊದಿಸ್ಕೊಂಡೇ ಕೂತಿದ್ದೆ, ಸುಳ್ಳ್ಯಾಕೆ ಹೇಳ್ಲಿ.