ಬಳಸಿದ ಫೈಬರ್ ದೋಣಿ: ಮಳೆಗಾಲಕ್ಕೆ ಮುನ್ನ ಪರೀಕ್ಷೆ, ದುರಸ್ತಿ
(ಹಿಂಡಲಗಾದಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಬೆಳಗಾವಿ ಜಿಲ್ಲೆಯ ಅನೇಕ ಗ್ರಾಮಗಳ ಜನರನ್ನು ದೋಣಿಗಳಲ್ಲಿ ಸ್ಥಳಾಂತರಿಸಲಾಯಿತು. ಮಾರ್ಕಂಡೇಯ ನದಿ ಸಮೀಪದ ಹಿಂಡಲಗಾಕ್ಕೂ ಇದು ಪಾಠವೇ.

ಬಳಸಿದ ಫೈಬರ್ ದೋಣಿಯನ್ನು ಹೊಸ ಬಣ್ಣ ನೋಡಿ ಒಪ್ಪತಕ್ಕದ್ದಲ್ಲ. ತಳವನ್ನು ನಾಣ್ಯದಿಂದ ತಟ್ಟಬೇಕು. ಸದ್ದು ಸ್ಪಷ್ಟವಾಗಿದ್ದರೆ ಪದರಗಳು ಗಟ್ಟಿ; ಮಂದವಾಗಿದ್ದರೆ ಪದರಗಳು ಬಿಟ್ಟುಕೊಂಡಿರಬಹುದು ಅಥವಾ ಒಳಗೆ ನೀರು ಸೇರಿರಬಹುದು.

ಅಂತಹ ಭಾಗವನ್ನು ಗಟ್ಟಿ ಪದರ ಸಿಗುವವರೆಗೆ ಉಜ್ಜಿ ತೆಗೆದು, ಅಂಚನ್ನು ತಳದ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿಸಿ, ಪೂರ್ಣ ಒಣಗಿದ ನಂತರವೇ ಗಾಜಿನ ನಾರಿನ ಹಾಸನ್ನು ರಾಳದೊಂದಿಗೆ ಪದರ ಪದರವಾಗಿ ಕೂರಿಸಬೇಕು. ಉಜ್ಜುವವರಿಗೆ ಮುಖಗವಸು, ಕನ್ನಡಕ ಕಡ್ಡಾಯ.

ಮೇಲೆ ಮೆತ್ತಿದ ಪುಟ್ಟಿಯು ಬಿರುಕನ್ನು ಮರೆಮಾಚುತ್ತದೆಯೇ ಹೊರತು ದೋಣಿಗೆ ಬಲ ನೀಡದು. ಆದ್ದರಿಂದ ಪರೀಕ್ಷೆಯು ಮೇ ತಿಂಗಳೊಳಗೆ ದಡದಲ್ಲಿಯೇ ಮುಗಿಯತಕ್ಕದ್ದು. ನೆರೆಯ ನಡುವೆ ದೋಷ ಕಂಡರೆ, ದೋಣಿಯಲ್ಲಿರುವವರಿಗೆ ಬೇರೆ ದಾರಿಯಿರುವುದಿಲ್ಲ.